ಊರಿಗೆ ಹೋಗುವ ದಾರಿ: ಮುಂಬಯಿ–ಮಂಗಳೂರು ಪ್ರಯಾಣದ ಹಿನ್ನೋಟ

ರೈಲೋ, ಬಸ್ಸೋ, ವಿಮಾನವೋ ಎಂಬ ಚರ್ಚೆ ಮುಂಬಯಿಯಲ್ಲಿರುವ ನಮ್ಮ ಕರಾವಳಿಯವರ ಮನೆಗಳಲ್ಲಿ ವರ್ಷಕ್ಕೆ ಒಂದೆರಡು ಬಾರಿಯಾದರೂ ಏಳದೆ ಇರುವುದಿಲ್ಲ. ಬೇಸಗೆಯ ರಜೆಗೊಮ್ಮೆ, ಊರಿನ ನೇಮಕ್ಕೋ ಮದುವೆಗೋ ಮತ್ತೊಮ್ಮೆ. ಹೀಗೆ ಚರ್ಚಿಸುವುದೇ ಒಂದು ಭಾಗ್ಯವೆಂದು ನಮ್ಮ ಕಿರಿಯರಿಗೆ ತಿಳಿದಿರಲಾರದು. ನಮ್ಮ ಹಿರಿಯರಿಗೆ ಆರಿಸಿಕೊಳ್ಳುವ ಮಾತೇ ಇರಲಿಲ್ಲ. ದಾರಿ ತೆರೆದಿದ್ದರೆ ಹೊರಟರು. ಇಲ್ಲವಾದರೆ ಕಾಗದ ಬರೆದು ಸುಮ್ಮನಾದರು.

ಅವರ ಮೊದಲ ದಾರಿ ಕಡಲು. ಮಂಗಳೂರಿನ ಹಂಚು ಮಂಜಿಗಳಲ್ಲಿ ಮುಂಬಯಿಗೆ ಬಂದಂತೆಯೇ ಮನುಷ್ಯರೂ ಬಂದರು. ಅನಂತರ ಉಗಿಹಡಗು ಬಂದಿತು. ಕಾರವಾರದ ಕಡೆಯವರು ಅದನ್ನು ಆಗಬೋಟು ಎಂದು ಕರೆದರು. ಹಡಗಿನ ಮೇಲ್ಗಟ್ಟಿನಲ್ಲಿ ಚಾಪೆ ಹಾಸಿ, ತಲೆಯಡಿಗೆ ಗಂಟನ್ನಿಟ್ಟು ಮಲಗಿ ಬಂದವರೇ ಈ ನಗರದ ಹೋಟೆಲುಗಳಲ್ಲಿ ಲೋಟ ತೊಳೆದು, ಮುಂದೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು. ಆದರೆ ಕಡಲಿನ ದಾರಿ ವರ್ಷವಿಡೀ ತೆರೆದಿರುತ್ತಿರಲಿಲ್ಲ. ಮಳೆಗಾಲ ಹಿಡಿಯಿತೆಂದರೆ ಹಡಗು ನಿಂತಿತು. ಆಷಾಢದಲ್ಲಿ ಊರಿನಿಂದ ತಂತಿ ಬಂದರೆ ಮಗನಾದವನು ಏನು ಮಾಡಬೇಕು? ತಾಯಿಯ ಮುಖ ನೋಡಲಾಗದೆ, ಬೊಜ್ಜದ ದಿನಕ್ಕಾದರೂ ತಲುಪಿದರೆ ಸಾಕೆಂದುಕೊಂಡವರ ಕಥೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ!

ರೈಲು ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಆದರೆ ಅದು ಹೋದ ದಿಕ್ಕೇ ಬೇರೆ. ದಕ್ಷಿಣ ಕನ್ನಡವು ಅಂದು ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಉತ್ತರ ಕನ್ನಡವನ್ನು 1862ರಲ್ಲೇ ಮುಂಬಯಿ ಪ್ರಾಂತಕ್ಕೆ ಕೊಟ್ಟಿದ್ದರು. ಆದುದರಿಂದ 1907ರಲ್ಲಿ ಮಂಗಳೂರಿಗೆ ರೈಲು ಬಂದಾಗ ಅದು ಮಲಬಾರಿನ ಮೂಲಕ ಮದ್ರಾಸಿನ ಕಡೆಯಿಂದ ಬಂದಿತು. ಸರಕಾರದ ದಾರಿ ಮದ್ರಾಸಿಗೆ, ಹೊಟ್ಟೆಯ ದಾರಿ ಮುಂಬಯಿಗೆ! ಮುಂಬಯಿಯಿಂದ ರೈಲಿನಲ್ಲೇ ಮಂಗಳೂರು ಸೇರಬೇಕೆಂದವರು ರಾಯಚೂರು, ಗುಂತಕಲ್ಲು, ಅರಕ್ಕೋಣಂ ದಾಟಿ, ಪಾಲ್ಘಾಟಿನ ಕಣಿವೆಯಿಂದ ಪಶ್ಚಿಮಕ್ಕೆ ತಿರುಗಿ, ಶೋರನೂರಿನ ಮೇಲೆ ಬರಬೇಕಾಗಿತ್ತು. ಕೊಂಕಣದ ನೇರ ಹಾದಿಗೆ ಇದು ಇಮ್ಮಡಿಗೂ ಮಿಕ್ಕ ದೂರ. ಮತ್ತೊಂದು ಉಪಾಯವೆಂದರೆ ಪುಣೆಯಲ್ಲಿ ಗಾಡಿ ಬದಲಿಸಿ, ಸಣ್ಣ ಗೇಜಿನ ರೈಲಿನಲ್ಲಿ ಹುಬ್ಬಳ್ಳಿಗೋ ಬೀರೂರಿಗೋ ಬಂದು, ಅಲ್ಲಿಂದ ಘಟ್ಟ ಇಳಿಯುವುದು. 1971ರಲ್ಲಿ ಮೀರಜದವರೆಗೆ ದೊಡ್ಡ ಗೇಜು ಆದ ಮೇಲೆ ಬದಲಿಸುವ ಊರು ಮಾತ್ರ ಬದಲಾಯಿತು. ಟ್ರಂಕು ಹೊರುವ ಹಮಾಲನ ಕೂಲಿ ತಪ್ಪಲಿಲ್ಲ.

ರಸ್ತೆಯ ವಿಚಾರ ಇನ್ನೂ ವಿಚಿತ್ರ. ತೀರದ ಹಾದಿಯ ನಡುವೆ ಗೋವೆ ಇತ್ತು. 1961ರ ದಶಂಬರದವರೆಗೆ ಅದು ಪೋರ್ತುಗೀಸರ ನೆಲ. ಸ್ವಂತ ಊರಿಗೆ ನೆಟ್ಟಗೆ ಹೋಗಬೇಕಾದರೆ ಪರದೇಶವನ್ನು ಹಾಯಬೇಕು! ಅದರ ಮೇಲೆ ಕಾಳಿ, ಶರಾವತಿಯಂಥ ಹೊಳೆಗಳು ಅಡ್ಡ. ಸೇತುವೆಗಳಾಗುವ ಮೊದಲು ಬಸ್ಸು ಈಚೆ ದಡದಲ್ಲಿ ಇಳಿಸಿದರೆ ದೋಣಿಯೇ ಗತಿ. ಆದುದರಿಂದಲೇ ಬಹುಕಾಲ ನಮ್ಮವರು ಘಟ್ಟ ಹತ್ತಿ, ಹುಬ್ಬಳ್ಳಿ ಬೆಳಗಾವಿಗಳ ಮೇಲೆ ಸುತ್ತಿ ಬರುತ್ತಿದ್ದರು.

ವಿಮಾನವು ಇವೆಲ್ಲವುಗಳಿಗಿಂತ ಮೊದಲೇ ಬಂದಿತೆಂಬುದು ಸೋಜಿಗ. 1951ರ ದಶಂಬರ 25ರಂದು ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಜಪೆಯಲ್ಲಿಳಿದರು. ಮಂಗಳೂರಿಗೆ ಕೊಂಕಣದ ರೈಲು ಬರುವುದಕ್ಕೆ 40ಕ್ಕೂ ಹೆಚ್ಚು ವರ್ಷ ಮೊದಲೇ ಆಕಾಶದ ದಾರಿ ತೆರೆಯಿತು. ತೆರೆದುದು ಯಾರಿಗೆ? ಬ್ಯಾಂಕಿನ ದೊಡ್ಡ ಅಧಿಕಾರಿಗೆ, ವ್ಯಾಪಾರಿಗೆ, ಡಾಕ್ಟರಿಗೆ. ದೋಸೆಕಲ್ಲಿನ ಮುಂದೆ ನಿಂತವನಿಗೆ ಅದು ತಲೆಯೆತ್ತಿ ನೋಡುವ ವಸ್ತುವಾಗಿಯೇ ಉಳಿಯಿತು. 2003ರಿಂದೀಚೆಗೆ ಅಗ್ಗದ ದರದ ಕಂಪನಿಗಳು ಬಂದ ಮೇಲಷ್ಟೇ ಈ ಮಾತು ಸಡಿಲವಾಯಿತು.

ನಿಜವಾದ ಬದಲಾವಣೆ ತಂದುದು ಕೊಂಕಣ ರೈಲು. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಕಾರ್ಮಿಕರ ನಡುವೆ ಬೆಳೆದ ಜಾರ್ಜ್ ಫರ್ನಾಂಡಿಸರು 1989ರಲ್ಲಿ ರೈಲ್ವೆ ಮಂತ್ರಿಗಳಾದರು. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಕೆಲಸದ ಹೊಣೆ ಇ. ಶ್ರೀಧರನ್ ಅವರದು. ರೋಹೆಯಿಂದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರು. 90ಕ್ಕೂ ಮೇಲ್ಪಟ್ಟು ಸುರಂಗಗಳು, ದೊಡ್ಡವೂ ಚಿಕ್ಕವೂ ಸೇರಿ ಎರಡು ಸಾವಿರದಷ್ಟು ಸೇತುವೆಗಳು. ರತ್ನಾಗಿರಿಯ ಬಳಿಯ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರು. 1998ರ ಜನವರಿ 26ರಂದು ಇಡೀ ಹಾದಿ ತೆರೆಯಿತು. ಅದೇ ವರ್ಷ ಹೊರಟ ಮತ್ಸ್ಯಗಂಧ ಗಾಡಿಯಲ್ಲಿ ಮಧ್ಯಾಹ್ನ ಕುರ್ಲೆಯಲ್ಲಿ ಹತ್ತಿದವರು ಮರುದಿನ ಊರಿನಲ್ಲಿದ್ದರು. ಮದ್ರಾಸಿನ ಕಡೆಗೆ ಸುತ್ತಿ ಬಂದ ಮುದುಕರು ಆ ಗಾಡಿಯ ಕಿಟಕಿಯ ಬಳಿ ಕುಳಿತು ಏನನ್ನು ನೆನೆದರೋ ನಾವು ಬರೆಯಬೇಕಾಗಿಲ್ಲ.

ಮಳೆ ಮಾತ್ರ ತನ್ನ ಹಕ್ಕನ್ನು ಬಿಟ್ಟುಕೊಡಲಿಲ್ಲ. 2003ರ ಜೂನಿನಲ್ಲಿ ವೈಭವವಾಡಿಯ ಬಳಿ ಬಂಡೆ ಕುಸಿದು, ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರಜೆಯ ಗಾಡಿ ಹಳಿತಪ್ಪಿ, 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಮರುವರ್ಷ ಜೂನಿನಲ್ಲೇ ಮತ್ಸ್ಯಗಂಧವೂ ಅದೇ ರೀತಿ ಸಿಕ್ಕಿಬಿದ್ದಿತು. ಅಂದಿನಿಂದ ಮಳೆಗಾಲದಲ್ಲಿ ಗಾಡಿಗಳ ವೇಗ ತಗ್ಗಿಸಿ, ಬೇರೆ ವೇಳಾಪಟ್ಟಿಯಲ್ಲಿ ಓಡಿಸುತ್ತಾರೆ. ರಸ್ತೆಯಲ್ಲೂ ಹಾಗೆಯೇ: 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿಯಿತು, ಲಾರಿಯೊಂದು ನೀರಿಗೆ ಬಿದ್ದಿತು, ಚಾಲಕ ಬದುಕಿದ. ಬಜಪೆಯಲ್ಲಿ ಮಂಜು ಮುಸುಕಿದರೆ ವಿಮಾನವೂ ಬೇರೆ ಊರಿನಲ್ಲಿಳಿಯುತ್ತದೆ.

ಹಾಗಾದರೆ ಯಾವುದರಲ್ಲಿ ಹೋಗಬೇಕು? ಕೆಟ್ಟ ಸುದ್ದಿ ಬಂದರೆ ವಿಮಾನವೇ ಸರಿ. ದರ ನೋಡುವ ಹೊತ್ತಲ್ಲ ಅದು. ಒಂದೂವರೆ ಗಂಟೆಯಲ್ಲಿ ಬಜಪೆ ತಲುಪುವುದೆಂದರೆ, ಹಿಂದಿನವರು ದೇವರಲ್ಲಿ ಬೇಡಿಯೂ ಪಡೆಯದಿದ್ದ ವರ. ಸ್ವಂತ ಕಾರು ಇದ್ದವರು ಊರಿನಲ್ಲಿ ನಾಲ್ಕಾರು ಮನೆ ಸುತ್ತಬೇಕಾದರೆ ಮಾತ್ರ ಕಾರನ್ನು ಹೊರಡಿಸಲಿ; ಒಬ್ಬನೇ ಸಾರಥಿಯಾಗಿ ರಾತ್ರಿಯಿಡೀ ಓಡಿಸುವ ಶೌರ್ಯ ಬೇಡ. ಸಂಸಾರಸಮೇತ ಹೋಗುವವರಿಗೆ ನಮ್ಮ ಓಟು ರೈಲಿಗೇ. ಹಿಂದಿರುಗುವಾಗ ಅತ್ತೆ ಕಟ್ಟಿಕೊಡುವ ಕುಚ್ಚಲಕ್ಕಿಯ ಚೀಲ, ತೆಂಗಿನಕಾಯಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಯ ಭರಣಿ, ಇವನ್ನೆಲ್ಲ ತೂಕದ ಯಂತ್ರದ ಮುಂದೆ ಬಿಚ್ಚಿ ತೋರಿಸುವ ಸಂಕಟ ಅಲ್ಲಿಲ್ಲ. ಸೀಟಿನ ಕೆಳಗೆ ತಳ್ಳಿದರಾಯಿತು.