ವಿಶ್ವವಿದ್ಯಾನಿಲಯದ ಸಂಶೋಧನೆಗೆ ಪೇಟೆಂಟ್: ಅರಿಶಿನ ಪ್ರಕರಣ ಮತ್ತು ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಸೇರಿದಂತೆ ಚಾಮರಾಜನಗರ ಜಿಲ್ಲೆಯಲ್ಲಿ ಅರಿಶಿನವು ಪ್ರಮುಖ ವಾಣಿಜ್ಯ ಬೆಳೆಯಾಗಿರುತ್ತದೆ. ಗಾಯಕ್ಕೆ ಅರಿಶಿನ ಹಚ್ಚುವುದು ಇಲ್ಲಿನ ಮನೆಮನೆಯೂ ಬಲ್ಲ ಸಂಗತಿ. ಆದಾಗ್ಯೂ ಇದೇ ಉಪಯೋಗಕ್ಕೆ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರವು 1995ರ ಮಾರ್ಚ್ ತಿಂಗಳಿನಲ್ಲಿ 5,401,504 ಸಂಖ್ಯೆಯ ಪೇಟೆಂಟ್ ಪಡೆದಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು 1996ರಲ್ಲಿ ಮರುಪರಿಶೀಲನೆ ಕೋರಿ, ಸಂಸ್ಕೃತ, ಉರ್ದು ಮತ್ತು ಹಿಂದಿ ಭಾಷೆಯವೂ ಸೇರಿದಂತೆ 32 ಲಿಖಿತ ಆಧಾರಗಳನ್ನು ಒದಗಿಸಿತು. 1997ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯು ಪೇಟೆಂಟಿನ ಕೋರಿಕೆಗಳನ್ನು ತಿರಸ್ಕರಿಸಿತು. ಅಂದಿನ ಅಮೆರಿಕದ ಕಾನೂನಿನನ್ವಯ ಹೊರದೇಶದ ರೂಢಿಗೆ ಲಿಖಿತ ದಾಖಲೆ ಅಗತ್ಯವಾಗಿದ್ದು, ಕೇವಲ ಬಾಯಿಮಾತಿನ ಸಾಕ್ಷ್ಯ ಸಾಲುತ್ತಿರಲಿಲ್ಲ.

ಭಾರತದ ಪೇಟೆಂಟ್ ಅಧಿನಿಯಮ 1970ರ 3(ಪಿ) ಪ್ರಕರಣದಂತೆ ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ದೊರೆಯುವುದಿಲ್ಲ. ಬೇಸಾಯದ ವಿಧಾನ ಹಾಗೂ ಸಸ್ಯ ತಳಿಗಳಿಗೂ ಅವಕಾಶವಿಲ್ಲ. ರೈತರು ತಾವು ಉಳಿಸಿಕೊಂಡು ಬಂದ ತಳಿಯನ್ನು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ 2001ರಡಿ ನೋಂದಾಯಿಸಬಹುದು. ಆದರೆ ಅರಿಶಿನವನ್ನು ಕಡಿಮೆ ಸೌದೆಯಲ್ಲಿ ಬೇಯಿಸುವ ಹೊಸ ಯಂತ್ರವನ್ನು ಸಂಶೋಧಕರು ರೂಪಿಸಿದಲ್ಲಿ, ಅದು ಹೊಸದಾಗಿದ್ದು, ಆ ವಿಷಯದ ತಜ್ಞರಿಗೂ ಸುಲಭವಾಗಿ ಹೊಳೆಯದಂತಹುದಾಗಿದ್ದರೆ, ಪೇಟೆಂಟ್ ಕೋರಬಹುದು.

ಇಲ್ಲಿ ಹೆಚ್ಚಿನವರು ಎಡವುವುದು ಪ್ರಕಟಣೆಯ ವಿಷಯದಲ್ಲಿ. ಪ್ರಬಂಧವನ್ನು ಗ್ರಂಥಾಲಯದಲ್ಲಿ ಇರಿಸಿ, ಮೇಳದಲ್ಲಿ ಯಂತ್ರವನ್ನು ಪ್ರದರ್ಶಿಸಿದ ನಂತರ ಅರ್ಜಿ ಸಲ್ಲಿಸಿದರೆ ಹೊಸತನವೇ ಉಳಿಯದಿರಬಹುದು. ವಿದ್ವತ್ ಸಂಸ್ಥೆಯ ಮುಂದೆ ಓದಿದ ಲೇಖನ ಹಾಗೂ ಸರ್ಕಾರ ಅಧಿಸೂಚಿಸಿದ ಪ್ರದರ್ಶನಕ್ಕೆ ಮಾತ್ರ 31ನೇ ಪ್ರಕರಣವು ಹನ್ನೆರಡು ತಿಂಗಳ ರಿಯಾಯಿತಿ ನೀಡುತ್ತದೆ. ಎಲ್ಲ ಮೇಳಗಳಿಗೂ ಇದು ಅನ್ವಯಿಸುವುದೆಂದು ಭಾವಿಸತಕ್ಕದ್ದಲ್ಲ. ಪ್ರಯೋಗ ಪೂರ್ಣಗೊಂಡಿರದಿದ್ದಲ್ಲಿ ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ನೀಡಬಹುದು.

ವಿಶ್ವವಿದ್ಯಾನಿಲಯದ ಆವಿಷ್ಕಾರದ ಮಾಲೀಕತ್ವಕ್ಕೆ ಪ್ರತ್ಯೇಕ ಕೇಂದ್ರ ಕಾನೂನು ಇಲ್ಲ. ಈ ಬಗ್ಗೆ 2008ರಲ್ಲಿ ಸಂಸತ್ತಿನಲ್ಲಿ ಮಂಡಿಸಲಾದ ಮಸೂದೆಯನ್ನು ನಂತರ ಹಿಂಪಡೆಯಲಾಯಿತು. ಆದ್ದರಿಂದ ಸಂಸ್ಥೆಯ ನೀತಿ ಮತ್ತು ಲಿಖಿತ ಒಪ್ಪಂದಗಳೇ ನಿರ್ಣಾಯಕ. ತಮ್ಮ ಜಮೀನನ್ನು ಪ್ರಯೋಗಕ್ಕೆ ನೀಡುವ ಅಥವಾ ಯಂತ್ರದ ಸುಧಾರಣೆಗೆ ಸಲಹೆ ನೀಡುವ ರೈತರು ತಮ್ಮ ಪಾಲಿನ ಷರತ್ತುಗಳನ್ನು ಆರಂಭದಲ್ಲಿಯೇ ಬರೆಸಿಕೊಳ್ಳುವುದು ಸೂಕ್ತ.

ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಆನ್‌ಲೈನ್ ಅರ್ಜಿಯ ಮೂಲ ಶುಲ್ಕ ವ್ಯಕ್ತಿಗಳಿಗೆ ರೂ. 1,600, 2021ರಿಂದ ಶಿಕ್ಷಣ ಸಂಸ್ಥೆಗಳಿಗೂ ಇದೇ ದರ. ಪರೀಕ್ಷೆಗೆ ನಮೂನೆ 18ರಲ್ಲಿ ಪ್ರತ್ಯೇಕ ಕೋರಿಕೆ ಸಲ್ಲಿಸತಕ್ಕದ್ದು; 15-3-2024ರಿಂದ ಸಲ್ಲಿಸಿದ ಅರ್ಜಿಗಳಿಗೆ ಇದರ ಗಡುವು 31 ತಿಂಗಳು. ಪೇಟೆಂಟಿನ ಅವಧಿ 20 ವರ್ಷ. ನವೀಕರಣ ಶುಲ್ಕ ಪಾವತಿಸದಿದ್ದಲ್ಲಿ ಹಕ್ಕು ಅಷ್ಟರಲ್ಲೇ ಕೊನೆಗೊಳ್ಳುತ್ತದೆ. ತಯಾರಕರಿಗೆ ಪರವಾನಗಿ ನೀಡಲು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮವನ್ನೂ, ಪೂರ್ವ ಶೋಧನೆಗೆ ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವನ್ನೂ ಸಂಪರ್ಕಿಸಬಹುದು.