ಮೊಬೈಲ್ ಇತ್ತು, ಕ್ಲಾಸು ಸಿಗಲಿಲ್ಲ

ಕೊರೋನಾ ಕಾಲದ ಆನ್‌ಲೈನ್ ಪಾಠದ ಮಾತೆತ್ತಿದರೆ ಸಾಕು, "ಕ್ಯಾಮೆರಾ ಆಫ್ ಮಾಡಿ ಮಲಗ್ತಿದ್ರಲ್ಲ" ಅಂತ ನಗುವವರೇ ಜಾಸ್ತಿ. ಸುಳ್ಳೇನಲ್ಲ ಬಿಡಿ. ಆದರೆ ಆ ಕಾಲದ ಇತಿಹಾಸ ಅಂತ ಅದೊಂದೇ ಉಳಿದುಬಿಟ್ಟರೆ? ಅದಕ್ಕೇ ಒಂದೆರಡು ಅಂಕಿಗಳನ್ನು ಇಲ್ಲಿ ಬರೆದಿಡ್ತಿದ್ದೇನೆ.

2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ಹಾಸ್ಟೆಲ್ ಹುಡುಗರು ಬಹುತೇಕ ಊರು ಸೇರಿದ್ದರು. ಪಾಠ ಜೂಮ್, ಗೂಗಲ್ ಮೀಟ್‌ಗೆ ಬಂತು. ಆ ಹೊತ್ತಿಗೆ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ ಒಂದು ಒಳ್ಳೆ ಕೆಲಸ ಮಾಡಿತು. ತನ್ನ ಸುಮಾರು 2,500 ವಿದ್ಯಾರ್ಥಿಗಳನ್ನೇ ಕೇಳಿತು. ಮೊಬೈಲ್ ಇದೆ ಅಂದವರು ಶೇ. 90ರಷ್ಟು. ಆನ್‌ಲೈನ್ ಕ್ಲಾಸಿಗೆ ಬರಬಲ್ಲೆವು ಅಂದವರು? ಬರೀ ಶೇ. 37!

ಉಳಿದವರಿಗೆ ಏನಾಗಿತ್ತು? ಅವರೇ ಹೇಳಿದ್ದು: ನೆಟ್‌ವರ್ಕ್ ಸಿಗಲ್ಲ, ಡೇಟಾಗೆ ದುಡ್ಡು ಸಾಲಲ್ಲ, ಕರೆಂಟ್ ನಂಬೋಹಾಗಿಲ್ಲ. ಆಶ್ಚರ್ಯವೇನಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್ನೆಟ್ ಸೌಲಭ್ಯ ಇದ್ದ ಮನೆಗಳು ಪಟ್ಟಣದಲ್ಲಿ ಶೇ. 42, ಹಳ್ಳಿಯಲ್ಲಿ ಶೇ. 14.9. ಕ್ಯಾಂಪಸ್ಸಿನಲ್ಲಿ ಇದ್ದಾಗ ಎಲ್ಲರಿಗೂ ಒಂದೇ ಲೈಬ್ರರಿ, ಒಂದೇ ಬೆಂಚು. ಊರಿಗೆ ಹೋದ ಮೇಲೆ ಯಾರ ಮನೆ ಹೇಗಿದೆಯೋ ಅವರ ಓದೂ ಹಾಗೇ ಆಯಿತು.

ನಮ್ಮ ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದವರು ಎಷ್ಟು ಜನ! 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಿಂದ "ನೋ ನೆಟ್‌ವರ್ಕ್, ನೋ ವೋಟಿಂಗ್" ಅನ್ನೋ ಕೂಗೇ ಎದ್ದಿತು.

ಹಾಗಂತ ಹುಡುಗರಿಗೆ ಆನ್‌ಲೈನ್ ಅಂದ್ರೇ ಆಗ್ತಿರಲಿಲ್ಲ ಅಂತಲ್ಲ. ಪಾಠ ರೆಕಾರ್ಡ್ ಮಾಡಿ ಕಳಿಸಿದರೆ ಸಿಗ್ನಲ್ ಇದ್ದಾಗ ಇಳಿಸಿಕೊಂಡು ಎರಡೆರಡು ಸಲ ಕೇಳಬಹುದಿತ್ತು. ಕಷ್ಟ ಇದ್ದದ್ದು ಗಂಟೆ ಹೊಡೆದಹಾಗೆ ಹಾಜರಿರಬೇಕು ಅನ್ನೋದರಲ್ಲಿ.

ಮುಂದಿನದು ನಿಮಗೆ ಗೊತ್ತೇ ಇದೆ. ಕೊನೆ ವರ್ಷದವರ ಪರೀಕ್ಷೆ ಸೆಪ್ಟೆಂಬರ್ ಒಳಗೆ ಮುಗಿಸಿ ಅಂತ 2020ರ ಜುಲೈನಲ್ಲಿ ಯುಜಿಸಿ ಹೇಳಿತು. ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದರು. ಪರೀಕ್ಷೆ ಇಲ್ಲದೆ ಪದವಿ ಇಲ್ಲ, ಬೇಕಾದರೆ ರಾಜ್ಯಗಳು ದಿನ ಮುಂದಕ್ಕೆ ಹಾಕಲು ಕೇಳಬಹುದು ಅಂತ ಆಗಸ್ಟ್ 28ಕ್ಕೆ ತೀರ್ಪು ಬಂತು. 2021ರ ಮೇನಲ್ಲಿ ಯುಜಿಸಿಯ ಇನ್ನೊಂದು ಕರಡು: ಪ್ರತಿ ಕೋರ್ಸಿನ ಶೇ. 40ರವರೆಗೆ ಆನ್‌ಲೈನ್ ಕಲಿಸಬಹುದು.

ಈ 40ರ ಪಕ್ಕದಲ್ಲಿ ಆ 37ನ್ನು ಇಟ್ಟು ನೋಡಿ. ಸುತ್ತೋಲೆಗಳು ಹೇಗೂ ಕಡತದಲ್ಲಿ ಉಳಿಯುತ್ತವೆ. ಗುಡ್ಡ ಹತ್ತಿದವರ ಮಾತು ಉಳಿಯಬೇಕಾದರೆ ನಾವೇ ಬರೆದಿಡಬೇಕು. ಆಗ ಓದುತ್ತಿದ್ದವರು ನಿಮ್ಮ ಮನೆಯಲ್ಲೂ ಇರ್ತಾರೆ. ಕೇಳಿ, ಬರೀತೀರಾ?