ಗಂಡನ ಮುಖ ಓದುವ ಹಾಡು

ಮೊಜಾರ್ಟನದ್ದೊಂದು ಪುಟ್ಟ ಇಟಾಲಿಯನ್ ಹಾಡಿದೆ: 'ಕೀ ಸಾ, ಕೀ ಸಾ, ಕ್ವಾಲ್ ಸೀಯ'. 'ಕೀ ಸಾ' ಅಂದ್ರೆ 'ಯಾರಿಗೆ ಗೊತ್ತು'. ಕೋಖೆಲ್ ಪಟ್ಟಿಯಲ್ಲಿ ಅದರ ನಂಬರು 582. ಹೆಚ್ಚೂಕಡಿಮೆ ಮೂರು ನಿಮಿಷದಲ್ಲಿ ಮುಗಿದುಹೋಗುತ್ತೆ. ಗಂಡನ ಸಪ್ಪೆ ಮುಖ ನೋಡಿ ಹೆಂಡತಿ ತಲೆ ಕೆಡಿಸಿಕೊಂಡಿದ್ದಾಳೆ. ಇವನಿಗೆ ಕೋಪವಾ, ಅಸೂಯೆಯಾ, ಭಯವಾ, ನನ್ನ ಮೇಲೆ ಅನುಮಾನವಾ, ಇಲ್ಲಾ ಪ್ರೀತಿಯೇ ಹೀಗೆ ಕಾಣ್ತಿದೆಯಾ? ಕೊನೆಗೆ, ಈ ಸಂಶಯದಿಂದ ಪಾರುಮಾಡಿ ಅಂತ ದೇವತೆಗಳನ್ನು ಬೇಡ್ಕೋತಾಳೆ.

ಕಛೇರಿಗಳಲ್ಲಿ ಇದನ್ನು ಬಿಡಿಯಾಗಿ ಹಾಡ್ತಾರೆ. ಹಾಗಾಗಿ ಬರೀ ಪ್ರೇಮದ ಗೊಂದಲ ಅನ್ಸುತ್ತೆ. ಅದು ಯಾವ ಕತೆಗೆ ಸೇರಿದ್ದು ಅಂತ ತಿಳಿದರೆ ನೋಟವೇ ಬೇರೆ.

ಆ ಒಪೆರಾ ಮೊಜಾರ್ಟನದ್ದಲ್ಲ. ಸ್ಪೇನಿನ ಮಾರ್ತೀನ್ ಇ ಸೊಲೆರ್ ಸಂಗೀತ, ಲೊರೆಂಜೊ ದ ಪೊಂತೆ ಸಾಹಿತ್ಯ. ಹೆಸರು 'ಇಲ್ ಬುರ್ಬೆರೊ ದಿ ಬ್ವೋನ್ ಕ್ವೋರೆ', ಅಂದರೆ ಒಳ್ಳೇ ಮನಸ್ಸಿನ ಸಿಡುಕ. 1786ರ ಜನವರಿಯಲ್ಲಿ ವಿಯೆನ್ನಾದ ಬುರ್ಗ್‌ಥಿಯೇಟರಿನಲ್ಲಿ ಮೊದಲು ಆಡಿದ್ದು. ಕತೆ ಗೋಲ್ಡೋನಿ ಫ್ರೆಂಚಿನಲ್ಲಿ ಬರೆದ 1771ರ ನಾಟಕದ್ದು. ಸಿಡುಕ ಮನೆಯ ಹಿರಿಯ. ಆ ಮನೆಯ ಹುಡುಗ ಹೆಂಡತಿಯ ಖುಷಿಗೆ ಸುರಿದೂ ಸುರಿದೂ ದಿವಾಳಿಯಾಗಿದ್ದಾನೆ. ವರದಕ್ಷಿಣೆಗೆ ಗತಿಯಿಲ್ಲದೆ ತಂಗಿಯನ್ನು ಸನ್ಯಾಸಿನಿಯರ ಮಠಕ್ಕೆ ಕಳಿಸೋಕೂ ಹೊರಟಿದ್ದಾನೆ. ಹೆಂಡತಿಗೆ ಮಾತ್ರ ಸಾಲದ ಸುದ್ದಿ ಎತ್ತಿಲ್ಲ. ಈ ಹಾಡು ಹೇಳೋದು ಅವಳೇ, ಲುಚಿಲ್ಲಾ. ಅವಳ ಊಹೆಗಳ ಪಟ್ಟಿಯಲ್ಲಿ ಇರದೇ ಇರೋದು ಒಂದೇ, ದುಡ್ಡು! ನನ್ನ ಮಟ್ಟಿಗೆ ಹಾಡಿನ ಸಂಕಟವೆಲ್ಲ ಅಲ್ಲೇ ಇದೆ. (ಈಗಾಗಿದ್ದರೆ ಇಎಂಐ ತಪ್ಪಿದ ಮೆಸೇಜು ಅವಳ ಫೋನಿಗೂ ಬಂದಿರೋದು.)

1789ರಲ್ಲಿ ಈ ಒಪೆರಾ ಮತ್ತೆ ರಂಗಕ್ಕೆ ಬಂತು. ಮಾರ್ತೀನ್ ಅಷ್ಟರಲ್ಲಿ ರಷ್ಯಾ ಸೇರಿಯಾಗಿತ್ತು. ಲುಚಿಲ್ಲಾ ಪಾತ್ರ ವಿಯೆನ್ನಾಕ್ಕೆ ಹೊಸಬಳಾದ ಲೂಯಿಸ್ ವಿಲ್ನವ್‌ಗೆ. ಹೊಸ ಗಾಯಕಿ ಬಂದರೆ ಅವಳ ಗಂಟಲಿಗೆ ಹೊಂದುವ ಹಾಡನ್ನು ಬೇರೆಯವರಿಂದ ಬರೆಸಿ ಸೇರಿಸೋದು ಆಗ ಮಾಮೂಲಿ. ಮೊಜಾರ್ಟ್ ಅಕ್ಟೋಬರಿನಲ್ಲಿ ಎರಡು ಹಾಡು ಬರೆದುಕೊಟ್ಟ. ಅದರಲ್ಲಿ ಒಂದು ಇದು.

ಆ ವರ್ಷ ಅವನ ಮನೆಯ ಲೆಕ್ಕವೂ ಕೆಟ್ಟಿತ್ತು. ಜುಲೈಯಲ್ಲಿ ಬಟ್ಟೆ ವ್ಯಾಪಾರಿ ಗೆಳೆಯ ಪುಖ್‌ಬರ್ಗ್‌ಗೆ ಅಂಗಲಾಚಿ ಕಾಗದ ಬರೆದು 500 ಗುಲ್ಡನ್ ಕೇಳಿದ, ಸಿಕ್ಕಿದ್ದು 150. ಹೆಂಡತಿ ಕಾನ್‌ಸ್ಟಾಂಟ್ಸೆ ಕಾಯಿಲೆ ಬಿದ್ದು ಬಾಡೆನ್‌ನ ಬಿಸಿನೀರಿನ ಬುಗ್ಗೆಗಳಿಗೆ ಹೋಗಿದ್ದಳು, ಜೊತೆಗೆ ಬಸುರಿ ಬೇರೆ. ಆಗಸ್ಟಿನಲ್ಲಿ ಅವಳಿಗೆ ಬರೆದ ಕಾಗದದಲ್ಲಿ, ಗಂಡಸರ ಜೊತೆ ಅಷ್ಟು ಸಲಿಗೆ ಬೇಡ ಅಂತ ಅವನ ಗೊಣಗಾಟ. ನವೆಂಬರ್ 16ಕ್ಕೆ ಮಗಳು ಹುಟ್ಟಿದಳು, ಅವತ್ತೇ ತೀರಿಕೊಂಡಳು.

ಕಲಾವಿದರ ಪ್ರತಿ ಕೃತಿಯಲ್ಲೂ ಅವರ ಮನೆ ಜಗಳ ಹುಡುಕೋ ಚಾಳಿ ನನಗೆ ಹಿಡಿಸಲ್ಲ. ಇದು ಯಾರೋ ಹೇಳಿ ಮಾಡಿಸಿದ ಕೆಲಸ, ಅಷ್ಟೇ. ಆದರೂ ಮುಖ ಸಪ್ಪಗಾಗೋಕೆ ಸಾಲ ಎಷ್ಟು ದೊಡ್ಡ ಕಾರಣ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ವಿಲ್ನವ್‌ಗೆ ಮುಂದಿನ ಪಾತ್ರವೂ ಅವನ ಸಂಗೀತದಲ್ಲೇ ಸಿಕ್ಕಿತು: 1790ರ ಜನವರಿಯ 'ಕೊಸೀ ಫಾನ್ ತುತ್ತೆ'ಯಲ್ಲಿ ಡೊರಾಬೆಲ್ಲಾ, ಮನಸ್ಸು ಬದಲಾಯಿಸೋ ಇಬ್ಬರು ಅಕ್ಕತಂಗಿಯರಲ್ಲಿ ಮೊದಲು ಸೋಲುವವಳು. ಅದರ ತಾಲೀಮು ನಡೀತಿದ್ದಾಗಲೇ, ಡಿಸೆಂಬರಿನಲ್ಲಿ, ಪುಖ್‌ಬರ್ಗ್‌ಗೆ ಇನ್ನೊಂದು ಕಾಗದ ಹೋಯಿತು. ಈ ಸಲ ಕೇಳಿದ್ದು 400 ಗುಲ್ಡನ್. ಜೊತೆಗೆ ಆಹ್ವಾನವೂ ಇತ್ತು: ಗುರುವಾರ ಬೆಳಿಗ್ಗೆ ಹತ್ತಕ್ಕೆ ಮನೆಯಲ್ಲಿ ಪುಟ್ಟ ತಾಲೀಮು ಇದೆ, ಬನ್ನಿ, ನಿಮ್ಮನ್ನೂ ಹೈಡನ್‌ನನ್ನೂ ಬಿಟ್ಟು ಬೇರೆ ಯಾರನ್ನೂ ಕರೆದಿಲ್ಲ ಅಂತ.